ದಿನಕ್ಕೊಂದು ಹಿಡಿ ರಾಗಿ

“ಒಂದನ್ನ ಎತ್ತಿಲ್ಲ, ಒಂದನ್ನ ಸಾಕಿಲ್ಲ, ಕಾಲೇಜಲ್ಲಿ ನಿಂತ್ಕಂಡು ಪಾಪನ್ನ ಸಾಕೋದು ಕಲಿಸ್ತಾಳಂತೆ!”

ಮೈಸೂರು ಮೈನ್ಸಿನ ಆ ಲೈನಿನಲ್ಲಿ, ಚಿನ್ನದ ಗಣಿಯ ಕೆಲಸದವರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ, ನಲ್ಲಿಗೆ ನೀರು ಬಂದ ದಿನವೆಲ್ಲ ಈ ಮಾತೂ ಬರುತ್ತಿತ್ತು. ಬೇತಮಂಗಲದ ಕೆರೆಯಿಂದ ಹೊರಟ ನೀರು ಅಷ್ಟು ದೂರ ಪೈಪಿನಲ್ಲಿ ತೆವಳಿಕೊಂಡು ಬಂದು ಒಂದೊಂದೇ ಕೊಡ ತುಂಬುವಷ್ಟರಲ್ಲಿ ಹೆಂಗಸರಿಗೆ ಮಾತಾಡಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಮಾತು ತೆಗೆಯುವವಳು ಯಾವಾಗಲೂ ಹನ್ನೊಂದನೇ ನಂಬರು ಮನೆಯ ಮಾರಿಯಮ್ಮ. ಬೆಳಗ್ಗೆ ಮೊದಲ ಬಸ್ಸಿಗೆ ಕ್ಯಾಸಂಬಳ್ಳಿಗೆ ಹೋಗಿ ಸೊಪ್ಪು, ಬದನೆಕಾಯಿ ತಂದು ಲೈನಿನ ಮೇಲೆ ಮಾರಿ ಬದುಕಿದವಳು. ಆ ಕಡೆಯವರ ಹಾಗೆ ‘ಹ’ಕಾರ ನುಂಗುವ ಅವಳ ಮಾತು ಕನ್ನಡದಲ್ಲಿ ಶುರುವಾಗಿ, ಸಿಟ್ಟು ಬಂದರೆ ತೆಲುಗಿಗೂ ಪ್ರೀತಿ ಬಂದರೆ ತಮಿಳಿಗೂ ಹೊರಳುತ್ತಿತ್ತು. “ಆರು ಎತ್ತೋಳು ಕಣಮ್ಮ ನಾನು” ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದಳು. ಲೈನಿನಲ್ಲಿ ಬೆಳೆದದ್ದು ಅವಳ ಐದು ಮಕ್ಕಳು. ಇನ್ನೊಂದರ ವಿಷಯ ಅವಳು ಎತ್ತುತ್ತಿರಲಿಲ್ಲ, ಬೇರೆಯವರು ಕೇಳುತ್ತಿರಲಿಲ್ಲ.

ಆ ಮಾತು ಯಾರ ಮೇಲಿತ್ತೋ ಅವರು ಪಕ್ಕದ ಹನ್ನೆರಡನೇ ನಂಬರಿನ ಮುನಿಲಕ್ಷ್ಮಿ. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯಾದರೂ ತಗಡಿನ ಸೂರನ್ನು ಮುಟ್ಟಿತ್ತೇ? ಇಲ್ಲ, ಮೇಲೆ ಒಂದು ಮೊಳ ಬಾಯಿ ಬಿಟ್ಟುಕೊಂಡಿತ್ತು. ಇಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ಸೀನು. ಅಲ್ಲಿ ಜಗಳವಾದರೆ ಇಲ್ಲಿ ತೀರ್ಪು. ಹಾಗಾಗಿ ನಲ್ಲಿಯ ಹತ್ತಿರ ಆಡಿದ ಮಾತನ್ನು ಯಾರೂ ಮುನಿಲಕ್ಷ್ಮಿಯವರಿಗೆ ಮುಟ್ಟಿಸಬೇಕಾದ ಅಗತ್ಯವೇ ಇರಲಿಲ್ಲ. ಮಾರಿಯಮ್ಮ ಅದನ್ನೇ ಮನೆಯಲ್ಲೂ ಆಡುತ್ತಿದ್ದಳು, ಸೂರಿನ ಕೆಳಗಿಂದ ಅದು ತಾನಾಗಿ ದಾಟಿ ಬರುತ್ತಿತ್ತು.

ಮುನಿಲಕ್ಷ್ಮಿ ಹುಟ್ಟಿದ್ದೇ ಆ ಮನೆಯಲ್ಲಿ. ಅಪ್ಪ ಗಣಿಯೊಳಗೆ ಮರದ ತೊಲೆ ನಿಲ್ಲಿಸುವ ಕೆಲಸ ಮಾಡಿದವನು. ಮಗಳು ಗೃಹವಿಜ್ಞಾನ ಓದಿ ಊರಿನದೇ ಒಂದು ಪಿ.ಯು. ಕಾಲೇಜಿನಲ್ಲಿ ಟೀಚರಾದಳು. ಮದುವೆಯಾದ ಕೋದಂಡಪ್ಪ ಬೇತಮಂಗಲದವನು, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಪಾರ್ಸಲ್ ತೂಕ ಹಾಕಿ, ಹೊಲಿದು, ಚೀಟಿ ಅಂಟಿಸುವ ಕೆಲಸ. ರೈಲಿಗೆ ಹತ್ತಿರವೆಂದು ಅವನೇ ಹೆಂಡತಿಯ ಮನೆಗೆ ಬಂದು ನಿಂತ. ಮಕ್ಕಳಾಗಲಿಲ್ಲ. ಕೋಲಾರಕ್ಕೂ ಹೋಗಿ ಬಂದರು, ವೆಲ್ಲೂರಿಗೂ ಹೋಗಿ ಬಂದರು. ಆಮೇಲೆ ಹೋಗುವುದನ್ನು ನಿಲ್ಲಿಸಿದರು.

ಇಲ್ಲಿ ಲೈನಿನ ಒಂದು ಪದ್ಧತಿಯನ್ನು ಹೇಳಬೇಕು. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಅದನ್ನು ಮೊದಲ ಸಲ ಇನ್ನೊಬ್ಬರ ಮನೆಗೆ ಎತ್ತಿಕೊಂಡು ಹೋಗುತ್ತಾರೆ. ಸೂಜಿ ಹಾಕಿಸಲು ಆಸ್ಪತ್ರೆಗೆ ಹೋಗಿ ಬಂದದ್ದು ಲೆಕ್ಕಕ್ಕಿಲ್ಲ. ಮೊದಲು ಯಾವ ಮನೆಗೆ ಹೋಗುತ್ತದೋ ಆ ಮನೆಯಾಕೆ ಮಗುವಿನ ಮಡಿಲಿಗೆ ಒಂದು ಹಿಡಿ ಧಾನ್ಯ, ಒಂದು ಅಚ್ಚು ಬೆಲ್ಲ ಹಾಕಿ, ನಾಲಿಗೆಗೆ ಚೂರು ಸಕ್ಕರೆ ಮುಟ್ಟಿಸಿ, ತಾನೇ ಎತ್ತಿಕೊಂಡು ಹೊಸಿಲು ದಾಟಿಸಿ ಹೊರಗೆ ತಂದು ಕೊಡಬೇಕು. ಆಕೆ ತಾನೂ ಹೆತ್ತ ಮಕ್ಕಳೊಂದಿಗಳಾಗಿರಬೇಕು. ಮಾರಿಯಮ್ಮನ ಮನೆಯಿಂದ ಹೊರಟ ಮೊಮ್ಮಕ್ಕಳೆಲ್ಲ ಹನ್ನೆರಡನೇ ನಂಬರಿನ ಬಾಗಿಲ ಮುಂದೆಯೇ ಹಾದು, ಹದಿನಾಲ್ಕನೇ ನಂಬರಿನ ರಾಧಮ್ಮನ ಮನೆಗೆ ಹೋದವು. ಯಾರೂ ಮುನಿಲಕ್ಷ್ಮಿಗೆ ಎದುರೆದುರೇ ಏನೂ ಹೇಳಿದವರಲ್ಲ. ಹಾದು ಹೋಗುತ್ತಿದ್ದರು, ಅಷ್ಟೆ.

ಲೈನಿನಲ್ಲಿ ಯಾವುದಾದರೂ ಕೂಸಿಗೆ ಮೂರು ತಿಂಗಳು ತುಂಬುತ್ತಿದೆ ಎಂದು ಗೊತ್ತಾದರೆ ಮುನಿಲಕ್ಷ್ಮಿ ಅಂಗಡಿಯಿಂದ ಒಂದು ಅಚ್ಚು ಹೊಸ ಬೆಲ್ಲ ತಂದಿಡುತ್ತಿದ್ದರು. ವಾರ ಕಾದು, ಭಾನುವಾರ ಅದನ್ನು ಪಾಯಸಕ್ಕೆ ಹಾಕುತ್ತಿದ್ದರು. ಯಾಕೆ ಇವತ್ತು ಪಾಯಸ ಎಂದು ಕೋದಂಡಪ್ಪ ಒಂದು ದಿನವೂ ಕೇಳಲಿಲ್ಲ. ಎರಡು ಲೋಟ ಕುಡಿದು, “ಚೆನ್ನಾಗೈತೆ ಕಣೇ” ಎನ್ನುತ್ತಿದ್ದ.

*

ಈಗ ಹೇಳುವುದು ಹತ್ತು ವರ್ಷದ ಹಿಂದಿನ ಮಾತು. ಎರಡನೇ ಪಿ.ಯು. ಮಕ್ಕಳಿಗೆ ಶಿಶು ಬೆಳವಣಿಗೆಯ ಪಾಠ. ಹುಡುಗ ಹುಡುಗಿಯರು ಎದ್ದು ನಿಂತು, “ಮೂರನೇ ತಿಂಗಳಿಗೆ ಕತ್ತು ನಿಲ್ಲುತ್ತದೆ, ಆರನೇ ತಿಂಗಳಿಗೆ ಕೂರುತ್ತದೆ” ಎಂದು ರೈಲು ಬಿಟ್ಟ ಹಾಗೆ ಒಪ್ಪಿಸಿ ಕೂತುಬಿಡುತ್ತಿದ್ದರು. ಕತ್ತು ನಿಲ್ಲದ ಕೂಸನ್ನು ಹೇಗೆ ಎತ್ತುತ್ತೀರಿ ಎಂದು ಕೇಳಿದರೆ ಒಬ್ಬ ಕ್ರಿಕೆಟ್ ಬ್ಯಾಟ್ ಹಿಡಿದ ಹಾಗೆ ತೋರಿಸಿದ. ಅವತ್ತು ಮನೆಗೆ ಬಂದ ಮುನಿಲಕ್ಷ್ಮಿ ಗಂಡನಿಗೆ ಹೇಳಿದರು:

“ಒಂದೊಂದು ಮಗೂಗೂ ಒಂದೊಂದು ಪಾಪ ಕೊಟ್ಟು ಒಂದು ತಿಂಗಳು ಸಾಕಿಸಬೇಕು ರೀ. ಬಂಗಾರಪೇಟೆ ಅಂಗಡೀಲಿ ಪ್ಲಾಸ್ಟಿಕ್ ಗೊಂಬೆ ಎಷ್ಟಕ್ಕೆ ಸಿಗ್ತವೆ?”

“ಪ್ಲಾಸ್ಟಿಕ್ಕಾ? ತೂಕವೇ ಇಲ್ಲದ್ದನ್ನ ಒತ್ಕಂಡು ಏನೇ ಕಲೀತಾರೆ?” ಎಂದ ಕೋದಂಡಪ್ಪ. “ಉಟ್ಟಿದ ಪಾಪ ಎಷ್ಟು ಕೆಜಿ ಇರ್ತದೆ?”

“ಎರಡು ಎಂಟುನೂರು ಅಂತ ಇಟ್ಕೊಳ್ಳಿ.”

“ರಾಗಿ ತುಂಬಿಸು. ಒಲಿಯೋ ಕೆಲ್ಸ ನಂದು.”

ಹಾಗೆ ಹುಟ್ಟಿದವು ರಾಗಿಪಾಪಗಳು. ಹಳೇ ಸೀರೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಒಳಗೆ ಎರಡು ಕೆಜಿ ಎಂಟುನೂರು ಗ್ರಾಂ ರಾಗಿ. ತಲೆಗೆ ಬೇರೆ ಸಣ್ಣ ಗಂಟು. ಕತ್ತಿನ ಹತ್ತಿರ ಬೇಕೆಂದೇ ಸಡಿಲ ಬಿಟ್ಟಿದ್ದು. ಕೈ ಕೊಟ್ಟು ಹಿಡಿಯದಿದ್ದರೆ ತಲೆ ಹಿಂದಕ್ಕೆ ಉರುಳಿಬಿಡುತ್ತಿತ್ತು. ಚೀಲದ ಬಾಯಿಯನ್ನು ಕೋದಂಡಪ್ಪ ದಬ್ಬಳದಿಂದ ಪಾರ್ಸಲ್ ಹೊಲಿಗೆ ಹಾಕಿ ಮುಚ್ಚಿದ. ಮೂವತ್ತು ವರ್ಷ ಗೋಣಿಚೀಲ ಹೊಲಿದ ಕೈ. ಎರಡು ಸುತ್ತು, ಒಂದು ಗಂಟು, ಮತ್ತೆ ಎರಡು ಸುತ್ತು. ಬೇರೆ ಯಾರಾದರೂ ಬಿಚ್ಚಿ ಮತ್ತೆ ಹೊಲಿದರೆ ಅವನ ಬೆರಳಿಗೆ ತಿಳಿಯುತ್ತಿತ್ತು.

ನಿಯಮ ಸರಳ. ತಿಂಗಳು ಪೂರ್ತಿ ಪಾಪ ಜೊತೆಗಿರಬೇಕು. ಬರೀ ನೆಲದ ಮೇಲೆ ಹಾಕಬಾರದು. ಎಲ್ಲಿಗಾದರೂ ಹೋಗುವುದಿದ್ದರೆ ಒಬ್ಬರ ಕೈಗೆ ಒಪ್ಪಿಸಿಯೇ ಹೋಗಬೇಕು. ದಿನಕ್ಕೆ ಎಂಟು ಸಲ ಹಾಲು ಕುಡಿಸಿದ್ದು, ಮಲಗಿಸಿದ್ದು, ಬಟ್ಟೆ ಬದಲಿಸಿದ್ದು ನೋಟ್ ಬುಕ್ಕಿನಲ್ಲಿ ಬರೆಯಬೇಕು. ತಿಂಗಳು ತುಂಬಿದ ದಿನ ತೂಕ. ರಾಗಿ ಸೋರಿ ಕಮ್ಮಿಯಾಗಿದ್ದರೆ ಅಂಕ ಕಮ್ಮಿ. ಹೊಲಿಗೆ ಬಿಚ್ಚಿದ್ದರೆ ಇಪ್ಪತ್ತಕ್ಕೆ ಸೊನ್ನೆ.

ಮೂವತ್ತು ರಾಗಿಪಾಪಗಳು ಊರು ತುಂಬ ಹರಡಿದವು. ಕ್ಯಾಸಂಬಳ್ಳಿ ಕಡೆಯ ನರೇಶ್ ಎನ್ನುವ ಹುಡುಗ ಬಸ್ಸಿನಲ್ಲಿ ಪಾಪ ಇಟ್ಟುಕೊಂಡು ಕೂತಿದ್ದಾಗ ಕಂಡಕ್ಟರ್ ಕೇಳಿದನಂತೆ, “ಏನಪ್ಪಾ ಇದು, ಲಗೇಜಾ?”

“ಅಲ್ಲ ಸಾರ್, ಪಾಪ.”

“ಸರಿ, ಸ್ಕೂಲಿಗೆ ಸೇರಿಸೋವಾಗ ಅರ್ಧ ಟಿಕೆಟ್ ತಗೋ.”

ಬಸ್ಸು ಪೂರ್ತಿ ನಕ್ಕಿತು. ಆದರೆ ನರೇಶನ ಅಪ್ಪ ವೆಂಕಟೇಶಪ್ಪ ನಗಲಿಲ್ಲ. ಎರಡನೇ ವಾರಕ್ಕೇ ಕಾಲೇಜಿಗೆ ಬಂದು ಪ್ರಿನ್ಸಿಪಾಲರ ಎದುರು ನಿಂತ. “ಸಾರ್, ಡೈರಿಗೆ ಆಲು ಆಕೋ ಒತ್ತಲ್ಲಿ ನನ್ ಮಗ ರಾಗಿ ಚೀಲ ಎಗಲ ಮೇಲೆ ಆಕ್ಕಂಡು ಬೆನ್ನು ತಟ್ತಾ ನಿಂತವ್ನೆ. ಏನ್ಲಾ ಅಂದ್ರೆ, ತೇಗು ಬರ್ಬೇಕಪ್ಪಾ ಅಂತಾನೆ. ಇದೇನಾ ನೀವು ಕಲ್ಸೋದು?”

ಪ್ರಿನ್ಸಿಪಾಲ್ ಚಲಪತಿ ಒಳ್ಳೆಯ ಮನುಷ್ಯರೇ, ದೂರು ಬಂದರೆ ಮಾತ್ರ ಮೈ ಬೆವರುತ್ತಿತ್ತು. ಮುನಿಲಕ್ಷ್ಮಿಯವರನ್ನು ಕರೆಸಿ ಹೇಳಿದರು: “ಮೇಡಂ, ಈ ಸಲ ಮುಗಿಸಿ. ಏನಾದರೂ ಎಡವಟ್ಟಾಯಿತೋ, ಮುಂದಿನ ವರ್ಷ ಪುಸ್ತಕದಲ್ಲಿ ಇದ್ದ ಹಾಗೆ ಪಾಠ ಮಾಡಿಬಿಡಿ. ಮಕ್ಕಳ ಸಾಕೋದೆಲ್ಲ ಅವರವರ ಮನೇಲಿ ಅಜ್ಜಿ ಅಮ್ಮಂದಿರು ಕಲಿಸ್ತಾರೆ, ನಾವ್ಯಾಕೆ?”

ನಲ್ಲಿಯ ಹತ್ತಿರದ ಮಾತೇ ಇದು, ಪ್ಯಾಂಟು ಷರಟು ಹಾಕಿಕೊಂಡು ಬಂದಿತ್ತು. ಮುನಿಲಕ್ಷ್ಮಿ “ಆಗಲಿ ಸಾರ್” ಎಂದು ತರಗತಿಗೆ ಹೋದರು. ಆದರೆ ಅವತ್ತು ರೈಲಿಳಿದು ಬಂದ ಗಂಡನಿಗೆ ಅನ್ನ ಬಡಿಸುತ್ತ ಕೇಳಿಯೇಬಿಟ್ಟರು: “ನಿಜ ಹೇಳಿ. ಹೆತ್ತಿಲ್ಲದೋಳಿಗೆ ಇದನ್ನ ಕಲಿಸೋಕೆ ಅಧಿಕಾರ ಇಲ್ಲವಾ?”

ಕೋದಂಡಪ್ಪ ಯೋಚಿಸಿ ಯೋಚಿಸಿ ತುತ್ತು ನುಂಗಿದ. “ನಾನು ಒಂದಿನಾನೂ ಡೆಲ್ಲಿ ನೋಡಿಲ್ಲ. ಡೆಲ್ಲಿಗೆ ಓಗೋ ಪಾರ್ಸಲ್ಲು ತಪ್ಪಿಲ್ಲದೆ ಓಗ್ತಾವೆ. ತೂಕ ಆಕೋದಿನ ಬರ್ಲಿ, ಗೊತ್ತಾಗ್ತದೆ ಬಿಡು.”

*

ಆ ಮೂವತ್ತು ಮಕ್ಕಳಲ್ಲಿ ಒಬ್ಬಳು ನವ್ಯ. ಮಾರಿಯಮ್ಮನ ಮೊಮ್ಮಗಳು, ಗೋಡೆಯ ಆಚೆಯವಳು. ಮೊದಲ ದಿನ ಅವಳು ಪಾಪವನ್ನು ಎತ್ತಿಕೊಂಡು ಮನೆಗೆ ಹೋದಾಗ ಅಜ್ಜಿ ಮಾಡಿದ ಗಲಾಟೆ ಹನ್ನೆರಡನೇ ನಂಬರಿಗೆ ಸೊಗಸಾಗಿ ಕೇಳಿಸಿತು.

“ಅಯ್ಯಯ್ಯೋ, ರಾಗಿ ಮೂಟೆಗೆ ಜೋಗುಳ ಆಡ್ತೀಯೇನೇ! ಕಾಲೇಜಿಗೆ ಕಳ್ಸಿದ್ದು ಇದಕ್ಕಾ? ಬಾ, ನಾಕು ಬದನೆಕಾಯಿಗೂ ಸ್ನಾನ ಮಾಡ್ಸಿ ಮಲಗ್ಸು!”

ವಾರವೆಲ್ಲ ಇಂಥದೇ. ಆಮೇಲೆ ಯಾಕೋ ಗಲಾಟೆ ತಣ್ಣಗಾಯಿತು. ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆಯಿಂದ ಮಾರಿಯಮ್ಮನ ಮೆತ್ತಗಿನ ದನಿ ಮಾತ್ರ ಬರುತ್ತಿತ್ತು. “ತಗೋ ಕಣ್ಣು, ಇವತ್ತಿಂದು ಇಷ್ಟು.” ಅವಳ ಮನೆಯಲ್ಲಿ ನಾಲ್ಕು ಕೋಳಿಗಳಿದ್ದವು. ಕೋಳಿಗೆ ಕಾಳು ಹಾಕುತ್ತಿದ್ದಾಳೆ ಎಂದುಕೊಂಡರು ಮುನಿಲಕ್ಷ್ಮಿ. ಕೋಳಿಯ ಮೇಲೆ ಇಷ್ಟು ತಮಿಳು ಪ್ರೀತಿ ಯಾವಾಗ ಬಂತೋ ಎಂದೂ ಅಂದುಕೊಂಡರು.

ತಿಂಗಳು ತುಂಬಿತು. ಅಂಗನವಾಡಿಯಿಂದ ತೂಗುತಕ್ಕಡಿ ಎರವಲು ತಂದು ಕಾಲೇಜಿನ ವರಾಂಡದ ತೊಲೆಗೆ ಕಟ್ಟಿದರು. ಹೊಲಿಗೆ ನೋಡಲು ಕೋದಂಡಪ್ಪ ರಜೆ ಹಾಕಿ ಬಂದಿದ್ದ. ಚಲಪತಿ ಕುರ್ಚಿ ಹಾಕಿಸಿಕೊಂಡು ಕೂತರು. ಒಂದೊಂದಾಗಿ ಪಾಪಗಳು ತೊಟ್ಟಿಲ ಬಟ್ಟೆಯಲ್ಲಿ ಕೂತು ತೂಗಾಡಿದವು. ಎರಡು ಎಂಟುನೂರು. ಎರಡು ಎಂಟುನೂರು. ಎರಡು ಏಳುನೂರೆಂಬತ್ತು, ಸೋರಿದೆ. ನರೇಶನದು ಎರಡು ಆರುನೂರೈವತ್ತು. ಇಲಿ ಕಾಲು ಕಡಿದಿತ್ತು, ಹುಡುಗ ಅದಕ್ಕೆ ಬ್ಯಾಂಡೇಜ್ ಪಟ್ಟಿ ಹಾಕಿ ತಂದಿದ್ದ. ನಗುವನ್ನು ತಡೆದುಕೊಂಡು ಮುನಿಲಕ್ಷ್ಮಿ ಅದಕ್ಕೆ ಅರ್ಧ ಅಂಕ ಜಾಸ್ತಿಯೇ ಹಾಕಿದರು.

ನವ್ಯಳ ಪಾಪ ಹತ್ತಿತು. ಮುಳ್ಳು ಓಡಿ ಓಡಿ ಮೂರು ಏಳುನೂರರಲ್ಲಿ ನಿಂತಿತು.

“ಮಿಸ್, ನವ್ಯನ ಪಾಪ ಮುದ್ದೆ ತಿಂದೈತೆ!” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ಗೊಳ್ಳೆಂದರು. ಕೋದಂಡಪ್ಪ ಹೊಲಿಗೆಯ ಮೇಲೆ ಬೆರಳಾಡಿಸಿದ. ಮೂರು ಪಾಲು ಸರಿ ಇತ್ತು. ಕೊನೆಯ ಕಾಲು ಭಾಗಕ್ಕೆ ಬಂದಾಗ ಬೆರಳು ನಿಂತಿತು. ಹೆಂಡತಿಯ ಮುಖ ನೋಡಿ, ಸುಳ್ಳು ಹೇಳಲಾಗದೆ ಹೇಳಿದ: “ಈ ಕೊನೆ ನಂದಲ್ಲ.”

ನವ್ಯ ತಲೆ ತಗ್ಗಿಸಿದಳು. “ನಾನೇ ಬಿಚ್ಚಿದ್ದು ಮಿಸ್.”

“ಯಾಕೆ?”

ನವ್ಯ ನೋಟ್ ಬುಕ್ಕನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

“ನೋಡಿದ್ರಾ ಮೇಡಂ?” ಚಲಪತಿ ಕುರ್ಚಿಯಿಂದ ಎದ್ದರು. “ಚೆಲ್ಲಿಕೊಂಡಿರ್ತಾಳೆ, ಆಮೇಲೆ ಅಂದಾಜಲ್ಲಿ ತುಂಬಿರ್ತಾಳೆ. ಮಕ್ಕಳಿಗೆ ಮೋಸ ಮಾಡೋದು ಕಲಿಸಿದ ಹಾಗಾಯ್ತು. ನಾನು ಹೇಳಿದ್ದೆ ಅಲ್ಲವಾ?”

ನಿಯಮದ ಪ್ರಕಾರ ಸೊನ್ನೆ. ಮುನಿಲಕ್ಷ್ಮಿ ಪೆನ್ನು ಎತ್ತಿದರು, ಇಳಿಸಿದರು. ನವ್ಯಳ ಹೆಸರಿನ ಮುಂದೆ ಜಾಗ ಖಾಲಿ ಬಿಟ್ಟು, ಆ ದಪ್ಪ ಪಾಪವನ್ನು ತಾವೇ ಎತ್ತಿಕೊಂಡು ಮನೆಗೆ ಬಂದರು. ಮಾಡಿದ ಪ್ರಯೋಗ ಮೊದಲ ವರ್ಷವೇ ಮುಗಿಯಿತು, ಲೈನಿನ ಮಾತೇ ನಿಜವಾಯಿತು ಎಂಬುದು ದಾರಿಯುದ್ದಕ್ಕೂ ಅವರ ಎದೆಯಲ್ಲಿತ್ತು. ಆದರೂ ಕೈ ಮಾತ್ರ ಅಭ್ಯಾಸದಂತೆ ಪಾಪದ ಕತ್ತಿನ ಕೆಳಗೇ ಇತ್ತು.

ದೀಪ ಹಚ್ಚುವ ಹೊತ್ತು. ಗೋಡೆಯ ಮೇಲಿನಿಂದ ಮಾರಿಯಮ್ಮನ ದನಿ ಬಂತು.

“ನವ್ಯಾ, ಎಲ್ಲೇ ಪಾಪ? ಒತ್ತಾಯ್ತು, ಇವತ್ತಿನ ಇಡಿ ಆಕಬೇಕು.”

“ಇನ್ನೇನೂ ಆಕ್ಬೇಡ ಅಜ್ಜೀ. ಟೀಚರ್ ಎತ್ಕಂಡೋದ್ರು. ನಂಗೆ ಸೊನ್ನೆ ಬತ್ತದೆ.”

“ಸೊನ್ನೆನಾ? ಯಾಕೆ?”

“ಒಲಿಗೆ ಬಿಚ್ಚಿದ್ದಕ್ಕೆ.”

“ಬಿಚ್ಚಿದ್ದು ನಾನಲ್ವೇನೇ!”

ಈಚೆ ಕಡೆ ಮುನಿಲಕ್ಷ್ಮಿ ಕೈಯಲ್ಲಿ ಬತ್ತಿ ಹಿಡಿದು ಹಾಗೇ ನಿಂತರು. ಆಚೆ ಪಾತ್ರೆ ಬಿದ್ದ ಸದ್ದು, ಬಾಗಿಲು ತೆಗೆದ ಸದ್ದು. ಹನ್ನೆರಡನೇ ನಂಬರಿನ ಹೊಸಿಲ ಮೇಲೆ ಮಾರಿಯಮ್ಮ ಮೊರದಲ್ಲಿ ರಾಗಿ ಹಿಡಿದು ನಿಂತಿದ್ದಳು. ಅಷ್ಟು ವರ್ಷದಲ್ಲಿ ಅವಳು ಕರೆಯದೆ ಆ ಬಾಗಿಲಿಗೆ ಬಂದದ್ದು ಅದೇ ಮೊದಲು.

“ನಮ್ ಉಡ್ಗಿಗೆ ಸೊನ್ನೆ ಆಕ್ತೀಯಂತೆ? ಆಕೋದಾದ್ರೆ ನಂಗಾಕು.”

“ಕೂತ್ಕೋ ಅಕ್ಕಾ. ಯಾಕೆ ಬಿಚ್ಚಿದೆ ಹೇಳು.”

“ಯಾಕಾ? ಎಂಟು ಸಲ ಆಲು ಕುಡಿಸ್ದೆ ಅಂತ ದಿನಾ ಬರೀತೈತೆ ನಿನ್ ಉಡ್ಗಿ. ಕುಡಿದಿದ್ದೆಲ್ಲ ಎಲ್ಲಿಗೋಯ್ತು? ಮೊದಲ್ನೇ ದಿನ ಎತ್ತಿದ್ರೆ ಅದೇ ಬಾರ, ಅತ್ತನೇ ದಿನ ಎತ್ತಿದ್ರೂ ಅದೇ ಬಾರ. ಬರೆಯೋದು ಒಂದು, ಎತ್ತಿದ್ರೆ ಇನ್ನೊಂದು. ನನ್ ಕೈ ಒಪ್ಪಲಿಲ್ಲಮ್ಮ. ಬಿಟ್ಟೋದ ಅತ್ತು ದಿನದ್ದು ಒಂದೇ ಸಲ ಆಕಿ, ಆಮೇಲೆ ಸಂಜೆ ಸಂಜೆ ಒಂದು ಇಡಿ ಆಕ್ದೆ. ತಿಂದ ಪಾಪ ಬೆಳೀಬೇಕೋ ಬೇಡ್ವೋ?”

ಕೋದಂಡಪ್ಪ ಮಧ್ಯೆ ಬಾಯಿ ಹಾಕಿದ. “ರಾಗಿ ಚೀಲ ಬೆಳೀದೆ ಇದ್ರೆ ಏನಕ್ಕಾ ಓಗ್ತದೆ?”

ಮಾರಿಯಮ್ಮ ಮೊರವನ್ನು ನೆಲಕ್ಕಿಟ್ಟಳು. ದನಿ ಇಳಿಯಿತು. “ನನ್ ಮೂರನೇದು ಇಂಗೇ ಇತ್ತು ಕಣಪ್ಪ. ಎಣ್ಣು. ನೋಡೋಕೆ ಚೆನ್ನಾಗಿತ್ತು, ಅಳ್ತಿರ್ಲಿಲ್ಲ, ಎಲ್ರೂ ಒಳ್ಳೇ ಕೂಸು ಅಂದ್ರು. ತಿಂಗ್ಳು ಆಯ್ತು, ಎಲ್ಡು ತಿಂಗ್ಳು ಆಯ್ತು, ಎತ್ತಿದ್ರೆ ಅದೇ ಬಾರ. ನಂಗೆ ಕೈಗೆ ತಿಳೀತಿತ್ತು, ಬಾಯಲ್ಲಿ ಯೇಳೋಕೆ ಬರ್ಲಿಲ್ಲ. ಆಗ ಯಾರು ತೂಕ ಆಕ್ತಿದ್ರು? ಆ ಬಾರ ಮತ್ತೆ ನಮ್ ಮನೇಲಿ ಬೇಡ ಅಂತ ಆಕ್ದೆ. ಆಟವೋ ಪಾಠವೋ ನಂಗೊತ್ತಿಲ್ಲ. ಉಡ್ಗಿಗೆ ಯಾರಿಗೂ ಯೇಳ್ಬೇಡ ಅಂತ ಆಣೆ ಇಡ್ಸಿದ್ದೆ, ಅದಕ್ಕೇ ಅದು ಬಾಯಿ ಬಿಡ್ಲಿಲ್ಲ.”

ಮುನಿಲಕ್ಷ್ಮಿ ಕೈಯಲ್ಲಿದ್ದ ಬತ್ತಿಯನ್ನು ಕೆಳಗಿಟ್ಟು, ಬ್ಯಾಗಿನಿಂದ ಒಂದು ತಾಯಿ ಕಾರ್ಡ್ ತೆಗೆದರು. ಬಸುರಿ ಬಾಣಂತಿಯರಿಗೆ ಆಸ್ಪತ್ರೆಯಲ್ಲಿ ಕೊಡುವ ಕಾರ್ಡು. ಒಳಗೆ ಮಗುವಿನ ತೂಕ ಗುರುತು ಮಾಡಲು ಗೆರೆಗಳಿರುತ್ತವೆ, ಸರಿಯಾಗಿ ಬೆಳೆಯುವ ಮಗುವಿನದು ಹಸಿರು ಪಟ್ಟಿ.

“ಅಕ್ಕಾ, ಒಂದು ಹಿಡಿ ಅಂದ್ರೆ ಎಷ್ಟು? ಇವರ ಕೈಗೆ ಹಾಕು ನೋಡೋಣ.”

ಮಾರಿಯಮ್ಮ ಮೊರದಿಂದ ಒಂದು ಹಿಡಿ ತೆಗೆದು ಕೋದಂಡಪ್ಪನ ಅಂಗೈಗೆ ಸುರಿದಳು. ಅವನು ಒಂದು ಸಲ ಕೈ ಮೇಲೆ ಕೆಳಗೆ ಮಾಡಿದ. “ಮೂವತ್ತು ಗ್ರಾಂ. ಒಂದೆರಡು ಅತ್ತ ಇತ್ತ.”

ದಿನಕ್ಕೆ ಮೂವತ್ತು ಗ್ರಾಂ. ಮುನಿಲಕ್ಷ್ಮಿ ಪೆನ್ಸಿಲ್ಲಿನಿಂದ ಒಂದು ವಾರಕ್ಕೆ ಒಂದು ಚುಕ್ಕೆ ಇಟ್ಟರು. ಎರಡನೇ ವಾರಕ್ಕೊಂದು, ಮೂರಕ್ಕೊಂದು, ನಾಲ್ಕಕ್ಕೊಂದು. ಚುಕ್ಕೆಗಳೆಲ್ಲ ಒಂದರ ಹಿಂದೆ ಒಂದು ಹಸಿರು ಪಟ್ಟಿಯೊಳಗೇ ಹತ್ತಿಕೊಂಡು ಹೋದವು, ಒಂದೂ ಆಚೆ ಕಾಲಿಡಲಿಲ್ಲ.

“ಅದೇನು?” ಎಂದಳು ಮಾರಿಯಮ್ಮ.

“ನೀನು ಹಾಕಿದ ಹಿಡಿ. ಆರೋಗ್ಯವಾಗಿರೋ ಪಾಪ ಹೇಗೆ ಬೆಳೀಬೇಕೋ ಹಾಗೇ ಬೆಳೆಸಿದ್ದೀಯ.” ಮುನಿಲಕ್ಷ್ಮಿ ಕಾರ್ಡಿನಿಂದ ತಲೆ ಎತ್ತಲಿಲ್ಲ. “ಇಪ್ಪತ್ತೈದು ವರ್ಷದಿಂದ ಬೋರ್ಡ್ ಮೇಲೆ ಈ ಗೆರೆ ಎಳೀತಾ ಇದ್ದೀನಿ ಅಕ್ಕಾ. ಚೀಲಕ್ಕೆ ರಾಗಿ ತುಂಬೋವಾಗ ಇದು ಬೆಳೀಬೇಕು ಅಂತ ನಂಗೆ ಹೊಳೀಲೇ ಇಲ್ಲ. ಸೋರಬಾರದು ಅನ್ನೋದಷ್ಟೇ ನೋಡ್ದೆ.”

ನಲ್ಲಿಯ ಹತ್ತಿರದ ಮಾತನ್ನು ಆಡಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಮಾರಿಯಮ್ಮನ ಬಾಯಿ ತೆರೆಯಿತು ಕೂಡ. ಆದರೆ ಅವಳು ಪಾಪವನ್ನು ಎತ್ತಿಕೊಂಡು ತಿರುಗಿಸಿ ನೋಡಿ ಅಂದದ್ದು ಬೇರೆ.

“ಕತ್ತು ಮಾತ್ರ ಸರಿಯಾಗಿ ಮಾಡಿದೀಯ. ಕೈ ಕೊಡ್ದಿದ್ರೆ ಉಳ್ಳೋಯ್ತದೆ. ನನ್ ಮೂರು ಸೊಸೇರಿಗೂ ಅದನ್ನ ಕಲ್ಸೋಕೆ ನಂಗೆ ಸಾಕಾಗೋಯ್ತು. ಈ ಉಡ್ಗಿ ಒಂದೇ ದಿನಕ್ಕೆ ಕಲ್ತ್ಕಂತು.”

*

ಸೋಮವಾರ ತರಗತಿಯಲ್ಲಿ ಮುನಿಲಕ್ಷ್ಮಿ ಮೊದಲು ಹೇಳಿದ್ದು, “ತಪ್ಪು ನನ್ನದು” ಎಂದು. “ಒಂದು ತಿಂಗಳಲ್ಲಿ ಒಂದು ಗ್ರಾಮೂ ಏರದ ಪಾಪ ಇದ್ದರೆ ಏನು ಮಾಡಬೇಕು?”

“ಆಸ್ಪತ್ರೆಗೆ ತೋರಿಸಬೇಕು ಮಿಸ್.”

“ಈ ಕ್ಲಾಸಲ್ಲಿ ಆಸ್ಪತ್ರೆಗೆ ತೋರಿಸಬೇಕಾದ ಪಾಪ ಇಪ್ಪತ್ತೊಂಬತ್ತಿವೆ. ನನಗೂ ಗೊತ್ತಾಗಲಿಲ್ಲ, ನಿಮಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಒಬ್ಬರಿಗೆ. ಅವರನ್ನ ಕರ್ಕೊಂಡು ಬಂದಿದ್ದೀನಿ.”

ಮಾರಿಯಮ್ಮ ಸೆರಗು ಹೊದ್ದು ಒಳಗೆ ಬಂದು, ಟೀಚರ ಕುರ್ಚಿಯಲ್ಲಿ ಕೂರಲೊಲ್ಲದೆ ಮೊದಲ ಬೆಂಚಿನಲ್ಲಿ ಕೂತಳು. ಐದು ನಿಮಿಷ ಬೆಂಚು ಬಿಟ್ಟು ಮೇಲೇಳಲಿಲ್ಲ. ಆಮೇಲೆ ನರೇಶ ಪಾಪ ಹಿಡಿದಿದ್ದ ರೀತಿ ನೋಡಿ ತಡೆಯಲಾಗಲಿಲ್ಲ. “ಲೇ ಉಡ್ಗಾ, ಅದೇನು ಬೀಡಿ ಕಟ್ಟಾ? ಕೊಡ್ಲಾ ಇಲ್ಲಿ!” ಅಲ್ಲಿಂದ ಗಂಟೆ ಹೊಡೆಯುವವರೆಗೆ ಅವಳದೇ ರಾಜ್ಯ.

ನವ್ಯಳಿಗೆ ಇಪ್ಪತ್ತಕ್ಕೆ ಇಪ್ಪತ್ತು. ಉಳಿದವರಿಗೆ ಇನ್ನೂ ಒಂದು ತಿಂಗಳು, ಈ ಸಲ ದಿನಕ್ಕೊಂದು ಹಿಡಿ ರಾಗಿ ಹಾಕಿ, ವಾರಕ್ಕೊಂದು ಚುಕ್ಕೆ ಇಟ್ಟು. ಚಲಪತಿ ಕೇಳಿದರು, “ಇದು ಸಿಲಬಸ್ಸಲ್ಲಿ ಇದೆಯಾ ಮೇಡಂ?” ಮುನಿಲಕ್ಷ್ಮಿ ಪುಸ್ತಕ ತೆರೆದು ಗೆರೆಯ ಚಿತ್ರವಿದ್ದ ಪುಟ ತೋರಿಸಿದರು. “ಇದೇ ಸಾರ್ ಸಿಲಬಸ್ಸು. ಇಷ್ಟು ದಿನ ಓದಿದ್ವಿ, ಈಗ ಎತ್ತಿ ನೋಡ್ತಿದ್ದೀವಿ.” ಅವರು ಪುಟವನ್ನು ಬಹಳ ಹೊತ್ತು ನೋಡಿದರು. ಮುಂದಿನ ವರ್ಷದ ಮಾತನ್ನು ಮತ್ತೆ ಎತ್ತಲಿಲ್ಲ.

ಆಮೇಲಿನ ಹತ್ತು ವರ್ಷ ಹಾಗೇ ನಡೆಯಿತು. ಪ್ರತಿ ವರ್ಷ ಕೊನೆಗೆ ಪಾಪಗಳ ಹೊಲಿಗೆ ಬಿಚ್ಚಿ, ಆ ರಾಗಿಯನ್ನೆಲ್ಲ ನೆನೆಸಿ ಮೊಳಕೆ ಕಟ್ಟಿ ಹಿಟ್ಟು ಮಾಡಿ, ಆರು ತಿಂಗಳು ದಾಟಿದ ಕೂಸುಗಳಿಗೆ ಉಣಿಸುವ ಸರಿ ಗಂಜಿಗೆಂದು ಅಂಗನವಾಡಿಗೆ ಕೊಡುತ್ತಿದ್ದರು. ವೆಂಕಟೇಶಪ್ಪ ಸಹ ಒಂದು ವರ್ಷ ತನ್ನ ಹೊಲದ ಒಂದು ಮೂಟೆ ರಾಗಿ ತಂದು ಇಳಿಸಿ, “ನಮ್ ನರೇಶನ ಪಾಪ ಬಡಕಲಾಗಿತ್ತು, ಅದಕ್ಕೆ” ಎಂದು ಹೋದ. ಮಾರಿಯಮ್ಮ ವರ್ಷಕ್ಕೆ ಎರಡು ದಿನ ತರಗತಿಗೆ ಹೋಗಿ ಎಣ್ಣೆ ನೀರು ಹಾಕುವುದು, ಕಾಲ ಮೇಲೆ ಮಲಗಿಸುವುದು ಕಲಿಸುತ್ತಿದ್ದಳು. ನಲ್ಲಿಯ ಹತ್ತಿರ ಅವಳ ಮಾತು ಈಗ, “ನಾಳೆ ಬರೋಕಾಗಲ್ಲ ಕಣಮ್ಮ, ಕಾಲೇಜೈತೆ” ಎಂದಿರುತ್ತಿತ್ತು.

ಹಳೆಯ ಮಾತು ನಿಂತಿತು. ಪದ್ಧತಿ ನಿಲ್ಲಲಿಲ್ಲ. ನವ್ಯಳ ಅಕ್ಕ ಅರ್ಚನಳ ಮಗುವಿಗೆ ಮೂರು ತಿಂಗಳು ತುಂಬಿದಾಗ ಮಾರಿಯಮ್ಮನೇ ಎತ್ತಿಕೊಂಡು ಹೊರಟಳು. ಹನ್ನೆರಡನೇ ನಂಬರಿನ ಮುಂದೆ ಹೆಜ್ಜೆ ನಿಧಾನವಾಯಿತು, ನಿಲ್ಲಲಿಲ್ಲ. ಮುಖ ಆಚೆಗೆ ತಿರುಗಿಸಿಕೊಂಡು ರಾಧಮ್ಮನ ಮನೆಗೆ ಹೋದಳು. ಆ ಭಾನುವಾರ ಹನ್ನೆರಡನೇ ನಂಬರಿನಲ್ಲಿ ಪಾಯಸ. ಮಾರಿಯಮ್ಮನಿಗೂ ಒಂದು ಲೋಟ ಕಳಿಸಿದ್ದರು. ಅವಳು ಕುಡಿದು ಲೋಟ ತೊಳೆದು ಕೊಟ್ಟಳು.

*

ಈ ವರ್ಷ ಮುನಿಲಕ್ಷ್ಮಿ ರಿಟೈರಾದರು. ಕೋದಂಡಪ್ಪ ಮೊದಲೇ ಆಗಿದ್ದ. ಬೇತಮಂಗಲದಲ್ಲಿ ಕೆರೆ ಕಾಣುವ ಹಾಗೆ ಎರಡು ಕೋಣೆಯ ಮನೆ ಕಟ್ಟಿದ್ದರು. “ಇಷ್ಟು ವರ್ಷ ಆ ನೀರು ನಮ್ಮ ಅತ್ರ ಬಂತು, ಈಗ ನಾವೇ ಅದರತ್ರ ಓಗೋಣ” ಎಂದು ಅವನ ಮಾತು. ಹೊರಡುವ ಬೆಳಿಗ್ಗೆ ಸಾಮಾನು ತುಂಬಿದ ಟೆಂಪೋ ಮೊದಲೇ ಹೋಯಿತು. ಇವರಿಗೆ ಆಟೋ ನಿಂತಿತ್ತು. ಕೈಯಲ್ಲಿ ಉಳಿದದ್ದು ಒಂದು ಬ್ಯಾಗು, ಕೊನೆಯ ತರಗತಿಯ ಮಕ್ಕಳು ಉಡುಗೊರೆ ಕೊಟ್ಟ ಒಂದು ರಾಗಿಪಾಪ. ಕೋದಂಡಪ್ಪನದೇ ಹೊಲಿಗೆ.

ಬೀಗ ತೆಗೆದುಕೊಂಡು ಬಾಗಿಲಿಗೆ ಬಂದರೆ ಮಾರಿಯಮ್ಮ ಅಡ್ಡ ನಿಂತಿದ್ದಳು. ಎಪ್ಪತ್ತೈದು ದಾಟಿದ ಕೈಯಲ್ಲಿ ಟವಲು ಸುತ್ತಿದ ಕೂಸು. ಹಿಂದೆ ನವ್ಯ. ನರ್ಸ್ ಕೆಲಸದಲ್ಲಿದ್ದವಳು ಹೆರಿಗೆಗೆಂದು ತವರಿಗೆ ಬಂದಿದ್ದಳು.

“ನಿಲ್ಲು, ಬೀಗ ಆಕ್ಬೇಡ. ನೆನ್ನೆಗೆ ಮೂರು ತಿಂಗ್ಳು ತುಂಬ್ತು. ಇದು ಇನ್ನೂ ಯಾವ ಮನೆಗೂ ಓಗಿಲ್ಲ.”

ನಲ್ಲಿಯ ಹತ್ತಿರ ಕೊಡಗಳು ತುಂಬಿ ಹರಿಯುತ್ತಿದ್ದವು, ಯಾರೂ ಎತ್ತಲಿಲ್ಲ. ಮುನಿಲಕ್ಷ್ಮಿಯವರ ಬಾಯಿಂದ ಮೊದಲು ಬಂದದ್ದು, “ಮನೆ ಖಾಲಿ ಅಕ್ಕಾ. ಬೆಲ್ಲ ಟೆಂಪೋದಲ್ಲಿ ಹೋಯ್ತು.”

“ಬೆಲ್ಲ ಯಾವಳಿಗೆ ಬೇಕು? ಇಡಿ ಧಾನ್ಯ ಇಲ್ವಾ ನಿನ್ ಕೈಲಿ?”

ಕೋದಂಡಪ್ಪ ಆಗಲೇ ಜೇಬಿನ ಚಾಕು ತೆಗೆದಿದ್ದ. ತನ್ನ ಹೊಲಿಗೆಯನ್ನು ತಾನೇ ಸರಕ್ಕೆಂದು ಕೊಯ್ದ. ಮಾರಿಯಮ್ಮ ಹೊಸಿಲು ದಾಟಿ ಒಳಗೆ ಬಂದು, ಕೂಸನ್ನು ಮುನಿಲಕ್ಷ್ಮಿಯ ತೋಳಿಗೆ ಇಟ್ಟಳು. ಕತ್ತು ಹಿಡಿ ಎಂದು ಹೇಳಲಿಲ್ಲ. ಮುನಿಲಕ್ಷ್ಮಿ ಒಂದು ಹಿಡಿ ರಾಗಿ ತೆಗೆದು ಕೂಸಿನ ಟವಲಿನ ಮಡಿಕೆಗೆ ಹಾಕಿದರು. ನಾಲ್ಕು ಕಾಳು ನೆಲಕ್ಕೆ ಬಿದ್ದವು.

ಅಷ್ಟರಲ್ಲಿ ಹದಿನಾಲ್ಕನೇ ನಂಬರಿನಿಂದ ರಾಧಮ್ಮ ಅಂಗೈಯಲ್ಲಿ ಸಕ್ಕರೆ ಮುಚ್ಚಿಕೊಂಡು ಓಡಿ ಬಂದಳು. “ಸಕ್ರೆ! ಸಕ್ರೆ ಮರೆತ್ರಲ್ಲೇ!”

“ಆರು ತಿಂಗಳ ತನಕ ತಾಯಿ ಹಾಲು ಬಿಟ್ಟು...” ಎಂದು ಮುನಿಲಕ್ಷ್ಮಿ, ನವ್ಯ ಇಬ್ಬರೂ ಒಟ್ಟಿಗೇ ಬಾಯಿ ತೆಗೆದರು.

“ಗೊತ್ತು ಬಿಡ್ರೇ, ಅತ್ತು ವರ್ಷ ಕೇಳಿದೀನಿ ನಿಮ್ ಪಾಠ” ಎಂದಳು ಮಾರಿಯಮ್ಮ. ರಾಧಮ್ಮನ ಅಂಗೈಯಿಂದ ಒಂದು ಚಿಟಿಕೆ ಸಕ್ಕರೆ ತೆಗೆದು, ಅದನ್ನು ಮುನಿಲಕ್ಷ್ಮಿಯ ಬಾಯಿಗೆ ಹಾಕಿದಳು. “ಉಂ, ಎಷ್ಟು ಬಾರ ಐತೆ ಯೇಳು ಟೀಚರಮ್ಮ.”

“ಐದೂಮುಕ್ಕಾಲು.”

“ಐದು ಆರುನೂರು” ಎಂದ ಕೋದಂಡಪ್ಪ, ಮುಟ್ಟದೆಯೇ.

“ನೀವು ಪಾರ್ಸಲ್ ನೋಡ್ಕೊಳ್ಳಿ” ಎಂದರು ಮುನಿಲಕ್ಷ್ಮಿ. ಲೈನು ನಕ್ಕಿತು.

ಹೊರಡುವಾಗ ಒಂದು ಸಲ ತಿರುಗಿ, ಅಪ್ಪ ಅಮ್ಮ ಬಾಳಿದ ಆ ಮನೆಯನ್ನು, ಸೂರಿಗೆ ಮುಟ್ಟದ ಆ ಗೋಡೆಯನ್ನು ಕಣ್ಣು ತುಂಬ ನೋಡಿಕೊಳ್ಳಬೇಕು ಎಂದು ಮುನಿಲಕ್ಷ್ಮಿ ಹಿಂದಿನ ದಿನವೇ ಅಂದುಕೊಂಡಿದ್ದರು. ಆದರೆ ಕೂಸು ಅವರ ಕರಿಮಣಿ ಸರವನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗುತ್ತಿತ್ತು, ಬಿಡಿಸಲು ಹೋದರೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತಿತ್ತು. ಅದರ ಮುಖವನ್ನೇ ನೋಡುತ್ತ, ಅಂಗೈಯನ್ನು ಕತ್ತಿನ ಕೆಳಗೆ ಕೊಟ್ಟು, ಬಲಗಾಲು ಮುಂದಿಟ್ಟು ಹನ್ನೆರಡನೇ ನಂಬರಿನ ಹೊಸಿಲು ದಾಟಿ ಬಿಸಿಲಿಗೆ ಬಂದರು.